ಎಲ್ಲಾ ಕೇಳ್ತೀನಿ, ಅದೊಂದು ಬಿಟ್ಟು

ಪರಿಚಯವಾದ ಹೊಸದರಲ್ಲಿ ಯಾರನ್ನಾದರೂ "ಯಾವ ತರದ ಹಾಡು ಕೇಳ್ತೀರಿ?" ಅಂತ ವಿಚಾರಿಸಿ ನೋಡಿ. "ಹಾಗೇನಿಲ್ಲ, ಎಲ್ಲಾ ಕೇಳ್ತೀನಿ" ಅನ್ನುವವರೇ ಜಾಸ್ತಿ. ಅಷ್ಟಕ್ಕೇ ಬಿಡಬೇಡಿ. "ಸರಿ, ಯಾವುದನ್ನ ಕೇಳಲ್ಲ?" ಅಂತ ಇನ್ನೊಂದು ಪ್ರಶ್ನೆ ಹಾಕಿ. ಮೊದಲ ಪ್ರಶ್ನೆಗೆ ತಡವರಿಸಿದವರು ಇದಕ್ಕೆ ಥಟ್ ಅಂತ ಉತ್ತರ ಕೊಡುತ್ತಾರೆ. "ಅಯ್ಯೋ, ಆ ಟಪಾಂಗುಚಿ ಎಲ್ಲ ನನಗಾಗಲ್ಲಪ್ಪ." "ರ‍್ಯಾಪ್ ಅಂತಾರಲ್ಲ, ಅದು ಹಾಡೇ ಅಲ್ಲ." "ಆ ಕಿರುಚಾಟ ಬಿಟ್ಟು ಬೇರೆ ಏನಾದ್ರೂ ಹಾಕಿ."

ನನಗೆ ಈ ಎರಡನೇ ಉತ್ತರದ ಮೇಲೇ ಕುತೂಹಲ. ಏನು ಇಷ್ಟ ಅನ್ನುವುದರಿಂದ ಒಬ್ಬರ ಕಿವಿ ಎಂಥದ್ದು ಅಂತ ಗೊತ್ತಾಗುತ್ತದೆ. ಏನು ಕೇಳಿದರೆ ಮೂಗು ಮುರಿಯುತ್ತಾರೆ ಅನ್ನುವುದರಿಂದ, ಅವರಿಗೆ ಯಾರ ಪಕ್ಕ ಕೂರಲು ಇಷ್ಟವಿಲ್ಲ ಅನ್ನುವುದೂ ಗೊತ್ತಾಗಿಬಿಡುತ್ತದೆ. ಇದನ್ನ ನಾನೇನೂ ಸುಮ್ನೆ ಹೇಳುತ್ತಿಲ್ಲ. ಸಮಾಜಶಾಸ್ತ್ರದವರು ಕೂತು ಲೆಕ್ಕ ಹಾಕಿದ್ದಾರೆ.

ಮೊದಲು ಹಾಕಿದವರು ಫ್ರಾನ್ಸಿನ ಪಿಯೆರ್ ಬೋರ್ಡ್ಯೂ. 1960ರ ದಶಕದಲ್ಲಿ ಅವರು 1,217 ಜನರ ಮನೆ, ಊಟ, ಬಟ್ಟೆ, ಚಿತ್ರ, ಸಂಗೀತದ ಅಭಿರುಚಿಗಳನ್ನೆಲ್ಲ ಕೇಳಿ ಬರೆಸಿಕೊಂಡರು. 1979ರಲ್ಲಿ ಅದು ಪುಸ್ತಕವಾಗಿ ಬಂತು. ಜಾಸ್ತಿ ಓದಿದ, ಮನೆತನದಿಂದಲೇ ಕಲೆಯ ಒಡನಾಟ ಇದ್ದವರು ಬಾಖ್‌ನ ಪಿಯಾನೋ ಕೃತಿಗಳನ್ನ ಆರಿಸುತ್ತಿದ್ದರು. ಕೂಲಿ ಕಾರ್ಮಿಕರು, ಸಣ್ಣ ಅಂಗಡಿಯವರು ಎಲ್ಲರಿಗೂ ಗೊತ್ತಿದ್ದ ಸ್ಟ್ರಾಸ್‌ನ ವಾಲ್ಟ್ಸ್ ಕಡೆ ಕೈ ತೋರಿಸುತ್ತಿದ್ದರು. ಮಧ್ಯದವರು ಮಧ್ಯದ್ದನ್ನ. ಬೋರ್ಡ್ಯೂ ಹೇಳಿದ್ದು ಇಷ್ಟು: ಅಭಿರುಚಿ ಹುಟ್ಟಿನಿಂದ ಬಂದ ವರ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಅದು ಮನೆಯಲ್ಲಿ, ಶಾಲೆಯಲ್ಲಿ, ಗೊತ್ತೇ ಆಗದ ಹಾಗೆ ಮೈಗೆ ಹತ್ತಿದ ಆಸ್ತಿ. ಹೊಲ ಮನೆಯ ಹಾಗೇ ಅದನ್ನೂ ಜನ ಬೇಲಿ ಹಾಕಿ ಕಾಯುತ್ತಾರೆ.

ಆಮೇಲೆ ಅಮೆರಿಕದಲ್ಲಿ ಕಥೆ ಸ್ವಲ್ಪ ತಿರುಗಿತು. ರಿಚರ್ಡ್ ಪೀಟರ್ಸನ್ ಅನ್ನುವವರು ತಮ್ಮ ಸಹೋದ್ಯೋಗಿಯ ಜೊತೆ 1982 ಮತ್ತು 1992ರ ಸಮೀಕ್ಷೆಗಳನ್ನ ಪಕ್ಕಪಕ್ಕ ಇಟ್ಟು ನೋಡಿದರು. ಶಾಸ್ತ್ರೀಯ ಸಂಗೀತ, ಒಪೆರಾ ಅಂತ ಓಡಾಡುವ ಮೇಲ್ವರ್ಗದ ಕೇಳುಗರು ಹತ್ತು ವರ್ಷದಲ್ಲಿ ಬೇರೆ ಬೇರೆ ಪ್ರಕಾರಗಳನ್ನೂ ಕೇಳತೊಡಗಿದ್ದರು. ಹಳ್ಳಿಗಾಡಿನ ಕಂಟ್ರಿ, ಕರಿಯರ ಬ್ಲೂಸ್, ರಾಕ್, ಎಲ್ಲಾ. ಪೀಟರ್ಸನ್ ಇವರಿಗೆ ಸರ್ವಭಕ್ಷಕರು ಅಂತ ಹೆಸರಿಟ್ಟರು. ಕೇಳೋಕೆ ಚೆನ್ನಾಗಿದೆ, ಅಲ್ವಾ? ಬಾಗಿಲು ತೆರೆಯಿತು, ಮೂಗು ಮುರಿಯುವ ಕಾಲ ಮುಗಿಯಿತು ಅನ್ನಿಸುತ್ತದೆ.

ಅಷ್ಟರಲ್ಲಿ, 1996ರಲ್ಲೇ, ಬೆಥನಿ ಬ್ರೈಸನ್ ಅನ್ನುವ ಇನ್ನೊಬ್ಬ ಸಮಾಜಶಾಸ್ತ್ರಜ್ಞೆ ಪ್ರಶ್ನೆಯನ್ನೇ ತಿರುಗಿಸಿ ಹಾಕಿದರು. ನಿಮಗೆ ಏನು ಇಷ್ಟ ಅನ್ನುವುದನ್ನ ಬಿಟ್ಟು, 18 ಸಂಗೀತ ಪ್ರಕಾರಗಳಲ್ಲಿ ಯಾವುದು ಇಷ್ಟವಿಲ್ಲ ಅನ್ನುವುದರ ಮೇಲೆ ಲೆಕ್ಕ ತೆಗೆದರು. ಜಾಸ್ತಿ ಓದಿದವರು ಕಡಿಮೆ ಪ್ರಕಾರಗಳನ್ನ ತಳ್ಳಿಹಾಕುತ್ತಾರೆ ಅನ್ನುವುದು ನಿಜವೇ ಆಯಿತು. ಆದರೆ ಅವರು ತಳ್ಳಿಹಾಕುವ ಆ ಕೆಲವು ಯಾವುವು? ರ‍್ಯಾಪ್, ಅಬ್ಬರದ ಗಿಟಾರಿನ ಹೆವಿ ಮೆಟಲ್, ಕಂಟ್ರಿ, ಚರ್ಚಿನ ಗಾಸ್ಪೆಲ್. ಅಂದರೆ ಕಡಿಮೆ ಓದಿದವರು ಕೇಳುವ ಪ್ರಕಾರಗಳೇ. ಜಗತ್ತಿನ ಸಂಗೀತಕ್ಕೆಲ್ಲ ಮನೆಯ ಬಾಗಿಲು ತೆರೆದಿಟ್ಟವರು, ತಮ್ಮದೇ ಬೀದಿಯ ಕೊನೆ ಮನೆಯವನಿಗೆ ಮಾತ್ರ ಚಿಲಕ ಹಾಕಿದ್ದರು.

"ಅದೊಂದು ಬಿಟ್ಟು" ಅನ್ನುವ ಮಾತಿನಲ್ಲಿ ದೊಡ್ಡಸ್ತಿಕೆ ಬಚ್ಚಿಟ್ಟುಕೊಂಡಿರುತ್ತದೆ ಅಂತ ನಾನು ಹೇಳುವುದು ಇದಕ್ಕೇ.

ನಮ್ಮಲ್ಲಿ ಇದಕ್ಕೆ ಇನ್ನೂ ಒಳ್ಳೆಯ ಪದ ಇದೆ. ಮಡಿವಂತಿಕೆ. ಮಡಿ ಅಂದರೇನು ಅಂತ ಅಜ್ಜಿಯ ಅಡುಗೆಮನೆ ನೋಡಿದವರಿಗೆ ಹೇಳಬೇಕಿಲ್ಲ. ಬಟ್ಟೆ ಕೊಳೆಯಾಗಿದೆಯೋ ಇಲ್ಲವೋ ಅನ್ನುವುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಯಾರು ಮುಟ್ಟಿದರು ಅನ್ನುವುದೇ ಲೆಕ್ಕ. ಸಂಗೀತದಲ್ಲೂ ಹಾಗೇ. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ದೇವದಾಸಿ ಮನೆತನದವರು. ತಿರುವೈಯಾರಿನಲ್ಲಿ ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ 1920ರ ದಶಕದಲ್ಲಿ ತಮ್ಮ ಸ್ವಂತ ದುಡ್ಡಿನಲ್ಲಿ ಗುಡಿ ಕಟ್ಟಿಸಿದವರು ಅವರೇ. ಆದರೆ ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗಿರಲಿಲ್ಲ. ಅದೇ ತ್ಯಾಗರಾಜರು, ಅದೇ ರಾಗ, ಅದೇ ಕೃತಿ. ಬಾಯಿ ಮಾತ್ರ ಬೇರೆ.

ಮಡಿವಂತಿಕೆಗೆ ಯಾವಾಗಲೂ ಒಂದು ಒಳ್ಳೆಯ ಕಾರಣ ಸಿಕ್ಕಿರುತ್ತದೆ ಅನ್ನುವುದು ಇಲ್ಲಿನ ತಮಾಷೆ. ಹಾರ್ಮೋನಿಯಂ ಕಥೆ ನೋಡಿ. 1940ರ ಮಾರ್ಚ್‌ನಲ್ಲಿ ಆಲ್ ಇಂಡಿಯಾ ರೇಡಿಯೋ ಅದನ್ನ ತನ್ನ ಸ್ಟುಡಿಯೋಗಳಿಂದ ಹೊರಗೆ ಹಾಕಿತು. 1971ರ ತನಕ, ಅಂದರೆ 30 ವರ್ಷಕ್ಕೂ ಮಿಕ್ಕಿ, ಬಾಗಿಲು ತೆರೆಯಲಿಲ್ಲ. ಕಾರಣ? ಹಾರ್ಮೋನಿಯಂನಲ್ಲಿ ಮನೆಗಳು, ಅಂದರೆ ಬೆರಳಲ್ಲಿ ಒತ್ತುವ ಪಟ್ಟಿಗಳು, ಗಟ್ಟಿ. ಒಂದು ಸಪ್ತಕಕ್ಕೆ 12 ಸ್ವರ, ಮುಗಿಯಿತು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಹಾಗಿಲ್ಲ, ಅಲ್ಲಾಡಿಸುವ ಹಾಗಿಲ್ಲ. ತೋಡಿ ರಾಗದ ಗಾಂಧಾರ ಒಂದು ಕಡೆ ನಿಲ್ಲುವುದೇ ಇಲ್ಲ, ತೂಗುತ್ತಲೇ ಇರುತ್ತದೆ. ಹಾರ್ಮೋನಿಯಂನಲ್ಲಿ ಒಂದು ಮನೆ ಒತ್ತಿ ಅದನ್ನ ತರೋಕೆ ಆಗಲ್ಲ. ಈ ಆಕ್ಷೇಪ ನೂರಕ್ಕೆ ನೂರು ಸರಿ.

ಆದರೆ ಇದೇ ಪೆಟ್ಟಿಗೆ ಆ ಹೊತ್ತಿಗೆ ಎಲ್ಲೆಲ್ಲಿ ಬಾರಿಸಲ್ಪಡುತ್ತಿತ್ತು? ಕಂಪನಿ ನಾಟಕದ ರಂಗದ ಮುಂದೆ, ಭಜನೆ ಮನೆಯಲ್ಲಿ, ಉತ್ತರ ಭಾರತದಲ್ಲಿ ಹಾಡಿ ಕುಣಿಯುವ ತವಾಯಫರ ಕೋಠಾದಲ್ಲಿ. ಉತ್ತರ ಕರ್ನಾಟಕದ ನಾಟಕ ಕಂಪನಿಗಳಲ್ಲಿ ಕಾಲಲ್ಲಿ ತಿದಿ ಒತ್ತುತ್ತಾ ಎರಡೂ ಕೈಯಲ್ಲಿ ನುಡಿಸುವ ಹಾರ್ಮೋನಿಯಂ ಮಾಸ್ತರರೇ ಅರ್ಧ ಹೀರೋ. ಶಿಳ್ಳೆ, ಒನ್ಸ್ ಮೋರ್, ಬೀಡಿ ಹೊಗೆ, ಇವೆಲ್ಲ ಆ ಪೆಟ್ಟಿಗೆಗೆ ಅಂಟಿಕೊಂಡಿದ್ದವು. ತಾಂತ್ರಿಕ ದೋಷದ ಜೊತೆ ಈ ಮೈಲಿಗೆಯೂ ಸೇರಿತ್ತು ಅಂತ ನನಗೆ ಅನ್ನಿಸುತ್ತದೆ. ಇನ್ನೊಂದು ವಿಚಿತ್ರ ಅಂದರೆ, ಯೂರೋಪಿನಿಂದ ಬಂದ ವಾದ್ಯ, ಭಾರತೀಯತೆಗೆ ಹೊಂದುವುದಿಲ್ಲ ಅಂತ ತೀರ್ಮಾನವಾದಾಗ ರೇಡಿಯೋದ ಮುಖ್ಯಸ್ಥರಾಗಿದ್ದವರು ಲಯನೆಲ್ ಫೀಲ್ಡನ್ ಅನ್ನುವ ಇಂಗ್ಲಿಷ್ ಮನುಷ್ಯ!

ಅಷ್ಟು ವರ್ಷ ಗಾಯಕರೇನೂ ಕಾಯುತ್ತಾ ಕೂರಲಿಲ್ಲ. ರೇಡಿಯೋ ಹೊರಗಿನ ಕಚೇರಿಗಳಲ್ಲಿ ಭೀಮಸೇನ ಜೋಶಿಯವರ ಪಕ್ಕ ಹಾರ್ಮೋನಿಯಂ ಇದ್ದೇ ಇತ್ತು. ನುಡಿಸುವವನಿಗೆ ಗೊತ್ತಿರುತ್ತದೆ, ಎಲ್ಲಿ ಬೆರಳು ಎತ್ತಬೇಕು, ಎಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಗಾಯಕನ ಮೀಂಡಿಗೆ ಜಾಗ ಬಿಟ್ಟು ಸುಮ್ಮನಿರಬೇಕು ಅಂತ.

ರೇಡಿಯೋದ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿ ಮುಂದೆ ಹೋಗುತ್ತೇನೆ. 1952ರಲ್ಲಿ ಬಿ.ವಿ. ಕೇಸ್ಕರ್ ಪ್ರಸಾರ ಖಾತೆಯ ಮಂತ್ರಿಯಾದರು. ಶಾಸ್ತ್ರೀಯ ಸಂಗೀತವನ್ನ ದೇಶಕ್ಕೆಲ್ಲ ಕೇಳಿಸಬೇಕು ಅನ್ನುವ ಹಟ. ಸಿನಿಮಾ ಹಾಡಿಗೆ ಕತ್ತರಿ ಬಿತ್ತು, ನಿರ್ಮಾಪಕರ ಜೊತೆ ಜಟಾಪಟಿ ಆಯಿತು, ಕೊನೆಗೆ ಹಾಡುಗಳು ಹೆಚ್ಚೂಕಮ್ಮಿ ನಿಂತೇ ಹೋದವು. ಜನ ಏನು ಮಾಡಿದರು? ಮುಳ್ಳನ್ನ ಸಿಲೋನ್ ಸ್ಟೇಷನ್ನಿಗೆ ತಿರುಗಿಸಿದರು. ಅಮೀನ್ ಸಯಾನಿ ಅಲ್ಲಿ ನಡೆಸಿಕೊಡುತ್ತಿದ್ದ ಸಿನಿಮಾ ಹಾಡಿನ ಕಾರ್ಯಕ್ರಮ ಬಿನಾಕಾ ಗೀತ್‌ಮಾಲಾ ಮನೆಮಾತಾಗಿದ್ದು ಆಗಲೇ. 1957ರ ಅಕ್ಟೋಬರ್‌ನಲ್ಲಿ ಸರಕಾರವೇ ಸೋತು ವಿವಿಧ ಭಾರತಿ ಶುರುಮಾಡಬೇಕಾಯಿತು. ಕೇಸ್ಕರ್ ಕಾಲದಲ್ಲಿ ಎಷ್ಟೋ ಶಾಸ್ತ್ರೀಯ ಕಲಾವಿದರಿಗೆ ಅನ್ನ ಸಿಕ್ಕಿತು, ಅದನ್ನ ಮರೆಯೋ ಹಾಗಿಲ್ಲ. ಒಂದನ್ನ ಮೇಲೆತ್ತೋಕೆ ಇನ್ನೊಂದರ ಕತ್ತು ಹಿಸುಕಬೇಕಿತ್ತಾ ಅನ್ನುವುದಷ್ಟೇ ಪ್ರಶ್ನೆ.

ಇದಕ್ಕೆ ಪೂರಾ ಉಲ್ಟಾ ಕಥೆ ಕರಾವಳಿಯದ್ದು. ಬಂಟ್ವಾಳ ತಾಲೂಕಿನ ಸಜಿಪದ ಹುಡುಗ, ಅಪ್ಪ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದರ ಹುಚ್ಚು ಹಿಡಿಸಿಕೊಂಡರು ಕದ್ರಿ ಗೋಪಾಲನಾಥ್. ಹಿತ್ತಾಳೆ ಮೈ, ಕೀಲಿ ಒತ್ತಿದರೆ ತೂತು ಮುಚ್ಚುವ ವಾದ್ಯ, ಇದರಲ್ಲೂ ಗಮಕ, ಅಂದರೆ ಸ್ವರವನ್ನ ತೂಗಿಸಿ ಜಾರಿಸುವುದು, ಕಷ್ಟ. ನಾಗಸ್ವರದಲ್ಲಿ ಬೆರಳನ್ನ ತೂತಿನ ಮೇಲೆ ಅರ್ಧ ಸರಿಸಿ ಸ್ವರ ಜಾರಿಸಬಹುದು, ಸ್ಯಾಕ್ಸೋಫೋನಿನ ಮುಚ್ಚಳ ಹಾಗೆ ಸರಿಯುವುದಿಲ್ಲ. ತುಟಿ ಉಸಿರಿನಿಂದಲೇ ಅದನ್ನ ಬಗ್ಗಿಸಬೇಕು. ವರ್ಷಗಟ್ಟಲೆ ಒದ್ದಾಡಿ ಬಗ್ಗಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು. 2019ರಲ್ಲಿ ತೀರಿಕೊಂಡರು. ಇವತ್ತು ಮಂಗಳೂರು ಕಡೆ ಮದುವೆಗೆ ಹೋದರೆ ಧಾರೆ ಹೊತ್ತಿಗೆ ಸ್ಯಾಕ್ಸೋಫೋನ್ ಮೊಳಗದಿದ್ದರೆ ಏನೋ ಕಮ್ಮಿ ಅನ್ನಿಸುತ್ತದೆ. ಅಲ್ಲಿನ ಮಕ್ಕಳಿಗೆ ಅದು ಬೆಲ್ಜಿಯಂನ ವಾದ್ಯ ಅಂದರೆ ನಂಬುವುದೂ ಕಷ್ಟ. ಪಿಟೀಲು ಕೂಡ 200 ವರ್ಷದ ಹಿಂದೆ ಹೀಗೇ ಹೊರಗಿನಿಂದ ಬಂದದ್ದಲ್ವಾ, ಈಗ ಅದಿಲ್ಲದ ಕರ್ನಾಟಕ ಸಂಗೀತ ಕಚೇರಿ ಯಾರಿಗೆ ಬೇಕು?

ಶಾಸ್ತ್ರೀಯದವರನ್ನೇ ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ನಾನು ಕಾಲೇಜಿನಲ್ಲಿದ್ದಾಗ ಮೆಟಲ್ ಪಾರ್ಟಿ. ಕಪ್ಪು ಟೀ ಶರ್ಟ್, ಭುಜದ ತನಕ ಕೂದಲು, ಮೈಸೂರಿನ ಬಿಸಿಲಲ್ಲಿ ಬೆವರು. ಆಗ ಬೆಂಗಳೂರು ಅಂದರೆ ನಮಗೆ ಕಾಶಿ. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬ್ಯಾಂಡ್ ಬಂದಿತ್ತು, 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ. ನಮ್ಮ ಚಿಕ್ಕಪ್ಪ ಊರಿನ ಸಂಗೀತ ಸಭೆಯ ಕಾಯಂ ಸದಸ್ಯರು, ನನ್ನ ರೂಮಿನ ಬಾಗಿಲಿಗೆ ಬಂದು "ಏನೋ ಅದು, ಗ್ರೈಂಡರ್ ಕೆಟ್ಟೋಗಿದ್ಯೇನೋ?" ಅನ್ನುವರು. ನನಗೆ ಉರಿಯುತ್ತಿತ್ತು. ಆದರೆ ಅದೇ ನಾನು ಕಾಲೇಜಿನಲ್ಲಿ ಏನು ಮಾಡುತ್ತಿದ್ದೆ ಗೊತ್ತಾ? ಬ್ಯಾಂಡ್ ಹೆಸರಿನ ಟೀ ಶರ್ಟ್ ಹಾಕಿ ಬಂದ ಜೂನಿಯರ್ ಒಬ್ಬನನ್ನ ಕ್ಯಾಂಟೀನಿನಲ್ಲಿ ನಿಲ್ಲಿಸಿ, "ಎಲ್ಲಿ, ಮೂರು ಆಲ್ಬಮ್ ಹೆಸರು ಹೇಳು ನೋಡಣ" ಅಂದಿದ್ದೆ. ಎರಡು ಹೇಳಿದ. ಮೂರನೇದು ಬರಲಿಲ್ಲ. "ಪೋಸರ್", ಅಂದರೆ ಬರೀ ತೋರಿಕೆಯ ಅಭಿಮಾನಿ, ಅಂತ ನಾವು ನಾಲ್ಕು ಜನ ನಕ್ಕೆವು. ಅವನು ಆಮೇಲೆ ಆ ಟೀ ಶರ್ಟ್ ಹಾಕಿದ್ದನ್ನ ನಾನು ನೋಡಲಿಲ್ಲ. ಚಿಕ್ಕಪ್ಪನಿಗೆ ಮೆಟಲ್ ಬೇಡವಾಗಿತ್ತು ಅಷ್ಟೇ. ನಾನು ಮೆಟಲ್ ಬೇಕು ಅಂತ ಬಂದವನನ್ನ ಓಡಿಸಿದ್ದೆ.

ಹೊರಗಿನವರಿಂದ ಅವಮಾನ ಅನುಭವಿಸಿದ ಗುಂಪೇ ಒಳಗೆ ಇನ್ನೂ ಬಿಗಿಯಾದ ಗೇಟು ಹಾಕಿಕೊಳ್ಳುತ್ತದೆ. ರಾಕ್ ಅಭಿಮಾನಿಗಳನ್ನ ಒಂದು ಕಾಲದಲ್ಲಿ ಪೋಲಿಗಳು ಅಂತ ಬೈದರು. ಅದೇ ಅಭಿಮಾನಿಗಳು 1979ರ ಜುಲೈ 12ರಂದು ಶಿಕಾಗೋದ ಕೋಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಏನು ಮಾಡಿದರು ನೋಡಿ. ಒಂದು ಡಿಸ್ಕೋ ರೆಕಾರ್ಡ್ ತಂದುಕೊಟ್ಟರೆ 98 ಸೆಂಟ್‌ಗೆ ಟಿಕೆಟ್. ಎರಡು ಪಂದ್ಯಗಳ ನಡುವೆ ರೇಡಿಯೋ ನಿರೂಪಕ ಸ್ಟೀವ್ ಡಾಲ್ ಆ ರೆಕಾರ್ಡ್‌ಗಳ ರಾಶಿಗೆ ಸಿಡಿಮದ್ದು ಇಟ್ಟು ಉಡಾಯಿಸಿದ. ಸಾವಿರಾರು ಜನ ಮೈದಾನಕ್ಕೆ ನುಗ್ಗಿದರು, ಎರಡನೇ ಪಂದ್ಯ ನಡೆಯಲೇ ಇಲ್ಲ. ಅವತ್ತು ಅಲ್ಲಿ ಜನರಿಗೆ ಸೀಟು ತೋರಿಸುವ ಕೆಲಸದಲ್ಲಿದ್ದ ವಿನ್ಸ್ ಲಾರೆನ್ಸ್ ಅನ್ನುವ ಕರಿಯ ಹುಡುಗ ಆಮೇಲೆ ನೆನಪಿಸಿಕೊಂಡದ್ದೇನೆಂದರೆ, ತಂದ ರೆಕಾರ್ಡ್‌ಗಳಲ್ಲಿ ಎಷ್ಟೋ ಡಿಸ್ಕೋ ಆಗಿರಲೇ ಇಲ್ಲ, ಸುಮ್ನೆ ಕರಿಯ ಕಲಾವಿದರ ರೆಕಾರ್ಡ್‌ಗಳು. ಡಿಸ್ಕೋ ಬೆಳೆದಿದ್ದು ಕರಿಯರ, ಲ್ಯಾಟಿನೋಗಳ, ಸಲಿಂಗಿಗಳ ಕ್ಲಬ್ಬುಗಳಲ್ಲಿ. "ಇದು ಸಂಗೀತವೇ ಅಲ್ಲ" ಅನ್ನುವ ಮಾತಿನ ಅಡಿಯಲ್ಲಿ ಏನಿತ್ತು ಅಂತ ಬಿಡಿಸಿ ಹೇಳಬೇಕಾ? ಆ ಲಾರೆನ್ಸ್ ಮುಂದೆ ಅದೇ ಶಿಕಾಗೋದಲ್ಲಿ ಹುಟ್ಟಿದ ಹೌಸ್ ಅನ್ನುವ ಕುಣಿತದ ಸಂಗೀತದ ಮೊದಲ ತಲೆಮಾರಿನವನಾದ.

ಹಾಗಂತ ಇಷ್ಟವಿಲ್ಲ ಅನ್ನುವುದೆಲ್ಲ ದೊಡ್ಡಸ್ತಿಕೆ ಅಂತ ಅಲ್ಲ. ಕಿವಿಗೂ ತನ್ನದೇ ಲೆಕ್ಕಾಚಾರ ಇದೆ. ಹಾಡು ಕೇಳುವಾಗ ಮೆದುಳು ಮುಂದಿನ ಸ್ವರ, ಮುಂದಿನ ಪೆಟ್ಟು ಏನು ಅಂತ ಊಹೆ ಮಾಡುತ್ತಲೇ ಇರುತ್ತದೆ. ಊಹೆ ಸರಿಯಾದರೆ ನೆಮ್ಮದಿ, ಸ್ವಲ್ಪ ತಪ್ಪಿ ಮತ್ತೆ ಸಿಕ್ಕರೆ ಖುಷಿ, ಏನೂ ಅಂದಾಜೇ ಸಿಗದಿದ್ದರೆ ಬರೀ ಗಲಾಟೆ. ಅಭ್ಯಾಸ ಇಲ್ಲದವನಿಗೆ ಹಿಂದೂಸ್ತಾನಿಯ ನಿಧಾನಗತಿಯ ವಿಳಂಬಿತ ಖಯಾಲ್ ಹೇಗೆ ಮುಗಿಯದ ಆಕಳಿಕೆಯೋ, ಚಿಕ್ಕಪ್ಪನಿಗೆ ಮೆಟಲ್ ಹಾಗೆ ಕೆಟ್ಟ ಗ್ರೈಂಡರ್. ಎರಡೂ ಪ್ರಾಮಾಣಿಕವೇ. ರಾಬರ್ಟ್ ಜಾಯನ್ಸ್ ಅನ್ನುವ ಮನಶ್ಶಾಸ್ತ್ರಜ್ಞ 1968ರಲ್ಲೇ ತೋರಿಸಿದ ಹಾಗೆ, ಒಂದನ್ನ ಪದೇ ಪದೇ ಎದುರಿಗೆ ತಂದರೆ ಸಾಕು, ಅದು ನಿಧಾನಕ್ಕೆ ಹಿಡಿಸತೊಡಗುತ್ತದೆ. ಮನೆಯಲ್ಲಿ ಬೆಳಿಗ್ಗೆ ಕಿವಿಗೆ ಬಿದ್ದದ್ದೇ ನಮಗೆ ಒಳ್ಳೆಯ ಸಂಗೀತ ಅನ್ನಿಸುವುದರಲ್ಲಿ ಇದರ ಪಾಲು ದೊಡ್ಡದು.

"ನನಗೆ ಹಿಡಿಸಲ್ಲ" ಅನ್ನುವುದು ನನ್ನ ಬಗ್ಗೆ ಆಡಿದ ಮಾತು. "ಅದರಲ್ಲಿ ಏನೂ ಇಲ್ಲ" ಅನ್ನುವುದು ಹಾಡಿನ ಬಗ್ಗೆ. "ಅದನ್ನ ಕೇಳೋರು ಎಂಥೋರು ಅಂತ ಗೊತ್ತಲ್ಲ" ಅನ್ನುವುದು ಜನರ ಬಗ್ಗೆ. ಮೊದಲನೆಯದರಿಂದ ಮೂರನೆಯದಕ್ಕೆ ನಾವು ಎಷ್ಟು ಸಲೀಸಾಗಿ ಜಾರುತ್ತೇವೆ ಅಂದರೆ, ಅದಕ್ಕೆ ಹಾರ್ಮೋನಿಯಂ ಕೂಡ ಅಡ್ಡ ಬರುವುದಿಲ್ಲ. ನನಗೆ ನಾನೇ ಇಟ್ಟುಕೊಂಡ ಒಂದು ಸಣ್ಣ ಪರೀಕ್ಷೆ ಇದೆ. ನನಗೆ ಹಿಡಿಸದ ಪ್ರಕಾರದಲ್ಲಿ ಒಳ್ಳೆಯ ಹಾಡು ಯಾವುದು, ಕೆಟ್ಟದ್ದು ಯಾವುದು ಅಂತ ಹೇಳೋಕೆ ಬರುತ್ತಾ? ಬರದಿದ್ದರೆ ನಾನು ಅದನ್ನ ಇನ್ನೂ ಕೇಳಿಲ್ಲ ಅಂತಲೇ ಅರ್ಥ. ಕುಣಿಯೋಕೆ ಮಾಡಿದ ಹಾಡಿನಲ್ಲಿ ಆಲಾಪನೆ ಹುಡುಕಿ ಸಿಗಲಿಲ್ಲ ಅಂದರೆ, ತೂಕದ ಕಲ್ಲಿನಿಂದ ಬಟ್ಟೆ ಅಳೆದ ಹಾಗೆ.

ಹಾಗಾದರೆ ಮನಸ್ಸು ತೆರೆದಿಟ್ಟವರು ಹೇಗಿರುತ್ತಾರೆ? ಕೇಳಿದಾಗಲೆಲ್ಲ ನನಗೆ ಜಯಚಾಮರಾಜೇಂದ್ರ ಒಡೆಯರ್ ನೆನಪಾಗುತ್ತಾರೆ. ಒಂದು ಕಡೆ ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದರು. ಇನ್ನೊಂದು ಕಡೆ, ಲಂಡನ್ನಿನಲ್ಲಿ ಕಾಯಿಲೆ ಬಿದ್ದು, ಜನ ಹೆಚ್ಚೂಕಮ್ಮಿ ಮರೆತೇಬಿಟ್ಟಿದ್ದ ರಷ್ಯಾದ ನಿಕೊಲಾಯ್ ಮೆಟ್ನರ್ ಅನ್ನುವ ಪಿಯಾನೋ ಸಂಗೀತಗಾರನ ಕೃತಿಗಳನ್ನ ಎಚ್‌ಎಂವಿಯಲ್ಲಿ ರೆಕಾರ್ಡ್ ಮಾಡಿಸೋಕೆ 1940ರ ದಶಕದ ಕೊನೆಯಲ್ಲಿ ಮೈಸೂರಿನಿಂದ ದುಡ್ಡು ಕಳಿಸಿದರು. ಮೆಟ್ನರ್ ತನ್ನ ಮೂರನೇ ಪಿಯಾನೋ ಕಂಚರ್ಟೋವನ್ನ ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾನೆ. ಎಂಥಾ ಚೆಂದದ ಕಥೆ. ಆದರೆ ಬ್ರೈಸನ್ ಓದಿದ ಮೇಲೆ ಒಂದು ಪಿರಿಪಿರಿ ಉಳಿದುಹೋಗಿದೆ. ಮೈಸೂರಿನಿಂದ ಲಂಡನ್ನಿಗೆ ಕಿವಿ ಚಾಚುವುದು ನಮ್ಮಂಥವರಿಗೆ ಹೆಮ್ಮೆ ತರುತ್ತದೆ. ಜಪಾನಿನ ಜಾಝ್, ಮಾಲಿ ದೇಶದ ಗಿಟಾರ್, ಐಸ್‌ಲ್ಯಾಂಡಿನ ಪಾಪ್ ಕೇಳ್ತೀನಿ ಅನ್ನುವುದು ಇವತ್ತು ಎದೆಯ ಮೇಲೆ ಚುಚ್ಚಿಕೊಳ್ಳುವ ಬ್ಯಾಡ್ಜ್. ದೂರದ್ದಕ್ಕೆ ಮನಸ್ಸು ತೆರೆಯುವುದು ಸುಲಭ. ಹತ್ತಿರದ್ದೇ ಕಷ್ಟ.

ನನ್ನ "ಅದೊಂದು ಬಿಟ್ಟು" ಯಾವುದು ಅಂತ ಹೇಳಿಬಿಡುತ್ತೇನೆ. ಉತ್ತರ ಕರ್ನಾಟಕದ ಈಗಿನ ಜಾನಪದ ಹಾಡುಗಳು. ಕೀಬೋರ್ಡ್, ಪ್ಯಾಡಿನ ಬೀಟು, ಗಂಟಲಿಗೆ ಆಟೋಟ್ಯೂನ್, ಕೈಕೊಟ್ಟ ಗೆಳತಿ. ಕಬ್ಬಿನ ಸೀಸನ್ನಿನಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳ ಸೌಂಡ್ ಬಾಕ್ಸಿನಿಂದ ರಸ್ತೆ ನಡುಗುವ ಹಾಗೆ ಬರುತ್ತದಲ್ಲ, ಅದೇ. "ಇದಕ್ಕೂ ಜಾನಪದ ಅಂತಾರಾ?" ಅಂತ ನಾನೂ ಬಹಳ ಕಡೆ ಹೇಳಿಕೊಂಡು ಓಡಾಡಿದ್ದೇನೆ. ವಿಜಯಪುರ ಸೀಮೆಯ ಹಲಸಂಗಿ ಗೆಳೆಯರು 90 ವರ್ಷದ ಹಿಂದೆ ಊರೂರು ಸುತ್ತಿ ಕೂಡಿಸಿಟ್ಟ ತ್ರಿಪದಿಗಳನ್ನ ಓದಿ ಕಣ್ಣು ಒದ್ದೆ ಮಾಡಿಕೊಂಡವನು ನಾನು. ಬೀಸುವ ಕಲ್ಲಿನ ಹಾಡು, ಹಂತಿ ಪದ, ಆಹಾ! ಆಮೇಲೆ ಒಂದು ದಿನ ಹೊಳೆಯಿತು. ಆ ಹಾಡುಗಳನ್ನ ನಾನು ಗೌರವಿಸುತ್ತಿರುವುದು ಬೀಸುವ ಕಲ್ಲು ಮೂಲೆ ಸೇರಿದ ಮೇಲೆ. ಈಗ ದುಡಿಯುವವನ ಕೈಯಲ್ಲಿ ಇರುವುದು ಟ್ರ್ಯಾಕ್ಟರ್ ಸ್ಟಿಯರಿಂಗ್. ಅವನ ರಾತ್ರಿ ಪಾಳಿಗೆ ಬೇಕಾದ ಹಾಡು ಅಲ್ಲಿಂದಲೇ ಬರಬೇಕಲ್ವಾ?

ಹೊಳೆದ ಮೇಲೆ ಕದ್ದು ಕೇಳೋಕೆ ಶುರು ಮಾಡಿದೆ. ಕದ್ದು ಅಂದರೆ ನಿಜವಾಗಿಯೂ ಕದ್ದು. ಸ್ಪಾಟಿಫೈನಲ್ಲಿ ಪ್ರೈವೇಟ್ ಸೆಷನ್ ಅಂತ ಒಂದು ಆಯ್ಕೆ ಇದೆ, ಆನ್ ಮಾಡಿದರೆ ನೀವು ಏನು ಕೇಳುತ್ತಿದ್ದೀರಿ ಅಂತ ಸ್ನೇಹಿತರಿಗೆ ಕಾಣುವುದಿಲ್ಲ. ಮೆಟ್ನರ್ ಕೇಳುವಾಗ ಅದನ್ನ ಆಫ್ ಮಾಡಿರುತ್ತೇನೆ.

ಹೋದ ವರ್ಷ ವಿಜಯಪುರದಿಂದ ಇಂಡಿ ಕಡೆಗೆ ಒಂದು ಕಾರು ಮಾಡಿಕೊಂಡು ಹೊರಟಿದ್ದೆ. ಡ್ರೈವರ್ ಸಣ್ಣ ಹುಡುಗ. ಊರು ದಾಟುವ ತನಕ ಸಣ್ಣಗೆ ಒಂದು ಹಾಡು ಓಡುತ್ತಿತ್ತು, ಅದೇ ಬೀಟು. ಪಲ್ಲವಿಯಲ್ಲಿ ಗಾಯಕ ಒಂದು ಸಾಲನ್ನ ಅರ್ಧಕ್ಕೆ ಬಿಟ್ಟು, ಬೀಟು ಒಂದು ಸುತ್ತು ಮುಗಿಸಿದ ಮೇಲೆ ಉಳಿದರ್ಧ ಹೇಳುತ್ತಿದ್ದ. ಒಳ್ಳೆ ಮಜವಾಗಿತ್ತು. "ಯಾವ ಹಾಡಪ್ಪಾ ಇದು, ಯಾರು ಹಾಡಿರೋದು?" ಅಂದೆ. ಹುಡುಗ ಗಾಬರಿಯಾಗಿ ಕನ್ನಡಿಯಲ್ಲಿ ನನ್ನ ಮುಖ ನೋಡಿದ.

"ಸಾರಿ ರಿ ಸರ, ನಿಮಗ ಇಂಥಾವೆಲ್ಲ ಸೇರಂಗಿಲ್ಲೇನೋ. ತಡೀರಿ, ಭಾವಗೀತಿ ಹಚ್ತೀನಿ."

"ಇಲ್ಲಪ್ಪಾ, ಇದೇ ಇರಲಿ" ಅನ್ನುವಷ್ಟರಲ್ಲಿ ಹಚ್ಚಿಯೇ ಬಿಟ್ಟಿದ್ದ. ಇಂಡಿ ತನಕ ಭಾವಗೀತೆ.